ಎದೆ ಜೇಬಿನ ಹಸಿರು ಕರ್ಚೀಫು

ನಮ್ಮ ಮನೆಯವರ ಬಾಯಿಂದ ಒಂದು ಮಾತು ಹೊರಡಬೇಕಾದರೆ ಪಕ್ಕದಲ್ಲಿ ಅರ್ಧ ದಿನ ಕೂತು ಕಾಯಬೇಕು. ಹೆಸರು ಹೋಸಿಯಾ ಪೆಟ್‌ವೇ. ಟೊಲೀಡೊದ ಡೋರ್ ಸ್ಟ್ರೀಟಿನಲ್ಲಿ ನಲವತ್ತು ವರ್ಷದಿಂದ ಕೋಟು ಹೊಲಿಯುತ್ತಿದ್ದಾರೆ. ಈ ಬೀದಿಯಲ್ಲಿ ಮದುವೆಯಾದವರು, ಸತ್ತವರು, ಪಾದ್ರಿಯಾದವರು, ಕೋರ್ಟಿನ ಕಟಕಟೆಯಲ್ಲಿ ನಿಂತವರು, ಎಲ್ಲರ ಮೈಮೇಲೂ ಇವರ ಹೊಲಿಗೆ ಇತ್ತು. ಕನ್ನಡಿ ಮುಂದೆ ನಿಂತ ಮನುಷ್ಯ ಏನೇನೋ ಹೇಳಿಕೊಳ್ಳುತ್ತಾನೆ. ಯಾಕೆ ಸೊರಗಿದೆ, ಯಾರಿಗಾಗಿ ಈ ಕೋಟು, ಹೆಂಡತಿಗೆ ಗೊತ್ತೋ ಇಲ್ಲವೋ. ಅಳತೆ ಪುಸ್ತಕ ಮುಚ್ಚಿದ ಕೂಡಲೇ ಇವರ ಬಾಯಿಯೂ ಮುಚ್ಚುತ್ತಿತ್ತು. ಕಾಜಾ ಹೊಲಿಯುವುದು ನನ್ನ ಕೆಲಸ, ಮಾತಾಡುವುದೂ ನನ್ನದೇ. ಅಂಗಡಿ ನಡೆಯಬೇಕಲ್ಲ!

ಕಿಯಾನ್ ಮೇಬ್ರಿ ನಮ್ಮ ಅಂಗಡಿಗೆ ಮೊದಲು ಬಂದಾಗ ಹದಿನಾರು ವರ್ಷದವನು. ಬಂದ ಅನ್ನುವುದಕ್ಕಿಂತ ಗ್ಯಾರಿಸನ್ ಹೈಸ್ಕೂಲಿನ ಬ್ಯಾಸ್ಕೆಟ್‌ಬಾಲ್ ಕೋಚ್ ಸ್ಟ್ರೌಡ್ ಅವನ ಕಿವಿ ಹಿಡಿದು ಎಳಕೊಂಡು ಬಂದರು ಅನ್ನಬೇಕು. ರಾಜ್ಯ ಮಟ್ಟದ ಪಂದ್ಯ ಗೆದ್ದದ್ದಕ್ಕೆ ಏನೋ ಊಟದ ಸಮಾರಂಭ, ಹುಡುಗನ ಉದ್ದಕ್ಕೆ ಊರಿನ ಯಾವ ಅಂಗಡಿಯಲ್ಲೂ ಕೋಟಿಲ್ಲ. ಹೊಲಿದಾದ ಮೇಲೆ ಕೋಟಿನ ಒಳಗೆ ಹಾಕುವ ಲೈನಿಂಗ್ ಬಟ್ಟೆ ಒಂದು ತುಂಡು ಉಳಿದಿತ್ತು. ಕೋಚ್ ಅದನ್ನು ಎತ್ತಿಕೊಂಡು, "ಪೆಟ್‌ವೇ, ಇದರಲ್ಲಿ ನನ್ನ ಎದೆ ಜೇಬಿಗೆ ಒಂದು ಕರ್ಚೀಫು ಮಾಡ್ಕೊಡು. ಈ ಹುಡುಗ ದೊಡ್ಡೋನಾದ್ಮೇಲೆ ಯಾರೂ ನಂಬಲ್ಲ, ನನ್ನ ಹತ್ರ ಸಾಕ್ಷಿ ಇರ್ಲಿ" ಎಂದರು.

ಅಲ್ಲಿಂದ ಅದೊಂದು ಪದ್ಧತಿಯೇ ಆಯಿತು. ಕಿಯಾನ್ ವರ್ಷಕ್ಕೊಂದು ಕೋಟು ಹೊಲಿಸುವುದು, ಅದರ ಲೈನಿಂಗಿನ ಉಳಿಕೆ ಕೋಚ್ ಜೇಬಿಗೆ ಹೋಗುವುದು. ಹತ್ತೊಂಬತ್ತಕ್ಕೆ ಅವನು ದೊಡ್ಡ ಲೀಗಿಗೆ ಆಯ್ಕೆಯಾದ ದಿನ ಟೀವಿಯಲ್ಲಿ ಕೋಟು ಅಗಲಿಸಿ ಒಳಗಿನ ಹಸಿರು ತೋರಿಸಿದ. ನಮ್ಮೂರ ತಂಡ ಗ್ಲೇಜಿಯರ್ಸ್‌ನ ಬಾಟಲಿ ಹಸಿರು. ಅದೇ ಹಸಿರು ಇಲ್ಲಿ ಕೋಚ್ ಎದೆಯ ಮೇಲೂ ಇತ್ತು. ಹನ್ನೊಂದು ವರ್ಷಕ್ಕೆ ಹನ್ನೊಂದು ಕರ್ಚೀಫು. ಕಿಯಾನನ ಕೋಟಿನೊಳಗೆ ಏನಿದೆ ಎಂದು ತಿಳಿಯಬೇಕಾದರೆ ಕೋಚ್ ಜೇಬು ನೋಡಿದರೆ ಸಾಕು ಅನ್ನುವುದು ಡೋರ್ ಸ್ಟ್ರೀಟಿನಲ್ಲಿ ಪ್ರತಿಯೊಬ್ಬರಿಗೂ ಗೊತ್ತು.

ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ಅವನ ಒಪ್ಪಂದ ಮುಗಿಯಿತು. ಇನ್ನು ಯಾವ ತಂಡಕ್ಕೆ ಬೇಕಾದರೂ ಹೋಗಬಹುದು. ಅಯ್ಯೋ, ಊರಿಗೆ ಊರೇ ಹುಚ್ಚಾಯಿತು! ಅವನ ಮನೆ ಮುಂದೆ ಸಾಮಾನಿನ ಲಾರಿ ನಿಂತಿತ್ತಂತೆ. ಇಲ್ಲ, ಅದು ಪಕ್ಕದ ಮನೆಯವರದ್ದಂತೆ. ಫೋನಿನಿಂದ ತಂಡದ ಚಿತ್ರ ತೆಗೆದುಹಾಕಿದನಂತೆ. ಸ್ಯಾನ್ ಡಿಯಾಗೊದಲ್ಲಿ ಅವನ ತಾಯಿ ಹಣ್ಣು ಕೊಳ್ಳುತ್ತಿದ್ದದ್ದನ್ನು ಯಾರೋ ನೋಡಿದರಂತೆ. ಬೇರೆ ಆಟಗಾರರಾದರೆ ಒಬ್ಬ ಉದ್ದದ ಪತ್ರ ಬರೆದು ಕೈ ತೊಳೆದುಕೊಳ್ಳುತ್ತಾನೆ, ಇನ್ನೊಬ್ಬ ಫೋನಿನಲ್ಲಿ ಒಂದು ನಿಮಿಷದ ಚಿತ್ರ ಬಿಟ್ಟು ಸುಮ್ಮನಾಗುತ್ತಾನೆ. ಕಿಯಾನನ ಏಜೆಂಟು ದೊಡ್ಡ ತಮಾಷೆಯನ್ನೇ ಹೂಡಿದ್ದ. ಜುಲೈ ಮೊದಲ ಶನಿವಾರ ಸಂಜೆ ಆರಕ್ಕೆ, ಗ್ಯಾರಿಸನ್ ಹೈಸ್ಕೂಲಿನ ಆಟದ ಹಾಲಿನಲ್ಲಿ, ಸುತ್ತ ಶಾಲೆಯ ಮಕ್ಕಳನ್ನು ಕೂರಿಸಿ, ಟೀವಿಯಲ್ಲಿ ನೇರ ಪ್ರಸಾರ. ಕಿಯಾನ್ ಬಾಯಿ ಬಿಡುವುದಿಲ್ಲ, ಕೋಟು ಅಗಲಿಸುತ್ತಾನೆ, ಅಷ್ಟೇ. ಲೈನಿಂಗ್ ಯಾವ ಬಣ್ಣವೋ ಆ ತಂಡ. ಕೋಚ್‌ಗೆ ಮುಂದಿನ ಸಾಲಿನಲ್ಲಿ ಹೆಸರು ಬರೆದ ಕುರ್ಚಿ.

ಆ ಕೋಟು ನಮ್ಮ ಮನೆಯವರ ಕೈಯಲ್ಲಿತ್ತು. ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ಹೊಲಿಯುತ್ತಿದ್ದರು. ನನ್ನನ್ನೂ ಒಳಗೆ ಬಿಡಲಿಲ್ಲ.

ಬುಧವಾರ ಮಧ್ಯಾಹ್ನ ಊಟಕ್ಕೆ ಬಂದು ಕೂತರು. ಪರ್ಚ್ ಮೀನು ಹುರಿದಿದ್ದೆ. ತಟ್ಟೆ ನೋಡುತ್ತಾ ಕೂತರೇ ಹೊರತು ಕೈ ಹಾಕಲಿಲ್ಲ. ಅಷ್ಟರಲ್ಲಿ ಅವರ ಪ್ಯಾಂಟಿನ ಅಂಚಿನಲ್ಲಿ ಒಂದು ದಾರ ಕಂಡಿತು. ಬಗ್ಗಿ ತೆಗೆದೆ. ಕಿತ್ತಳೆ ಬಣ್ಣ.

"ರೀ, ಇದೇನು?"

"ದಾರ."

"ದಾರ ಅಂತ ನಂಗೂ ಕಾಣ್ತದೆ. ನಮ್ಮಂಗಡೀಲಿ ಈ ಬಣ್ಣದ ಬಟ್ಟೆ ಯಾವುದಿದೆ?"

ಕಿತ್ತಳೆ ಸ್ಯಾನ್ ಡಿಯಾಗೊ ತಂಡದ ಬಣ್ಣ ಎಂದು ನಮ್ಮೂರಿನ ಎಳೆ ಕೂಸಿಗೂ ಗೊತ್ತು.

"ಹೋಗ್ತಿದಾನಾ?"

"ವರ್ಡಿ, ನಾನೇನೂ ಹೇಳಿಲ್ಲ. ನೀನೇನೂ ಕೇಳಿಲ್ಲ."

"ಕೋಚ್‌ಗಾದ್ರೂ ಹೇಳಿದಾನಾ ಹುಡುಗ?"

ತಲೆ ಅಲ್ಲಾಡಿಸಿದರು. ಇಲ್ಲ.

ನನಗೆ ಮೈಯೆಲ್ಲ ಉರಿಯಿತು. ಎಪ್ಪತ್ತೆಂಟು ವರ್ಷದ ಮನುಷ್ಯ, ಸೊಂಟದ ಮೂಳೆ ಮುರಿದು ವಾಕರ್ ಹಿಡಿದು ನಡೆಯುವವರು. ಹೆಂಡತಿ ಇಲ್ಲ, ಮಕ್ಕಳಿಲ್ಲ, ಇದ್ದವನು ಇವನೊಬ್ಬ. ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಕ್ಯಾಮೆರಾ ಮುಖಕ್ಕೆ ಹಿಡಿದು, ಇಡೀ ದೇಶ ನೋಡುತ್ತಿರುವಾಗ ಕೋಟು ಬಿಚ್ಚಿ ತೋರಿಸುತ್ತಾನಂತೆ! "ನೀವು ಹೋಗಿ ಹೇಳ್ರೀ ಕೋಚ್‌ಗೆ. ಇಲ್ಲಾ ನಾನು ಹೇಳ್ತೀನಿ" ಎಂದೆ.

"ಆ ಹುಡುಗ ನನ್ನ ಕೈ ಹಿಡ್ಕೊಂಡು ಮಾತು ತಗೊಂಡಿದಾನೆ. ಮೂವತ್ತೆಂಟು ವರ್ಷ ಯಾರದ್ದೂ ಹೇಳಿಲ್ಲ, ಇವನದ್ದು ಹೇಳ್ಲಾ?" ಎಂದು ಎದ್ದು ಹೋದರು. ಮೀನು ಹಾಗೇ ಆರಿತು.

ಗುರುವಾರ ಬೆಳಿಗ್ಗೆ ಕೋಚ್ ಫೋನು ಬಂತು. "ಪೆಟ್‌ವೇ, ನನ್ನ ಕರ್ಚೀಫು ಎಲ್ಲಪ್ಪಾ? ಶನಿವಾರ ಜೇಬು ಖಾಲಿ ಬಿಟ್ಕೊಂಡು ಬರ್ಲಾ?"

"ಕಳಿಸ್ತೀನಿ ಕೋಚ್" ಎಂದರು ಇವರು. ಫೋನಿಟ್ಟು ಕುರ್ಚಿಗೆ ಕುಸಿದರು. ಈ ಕರ್ಚೀಫಿನ ವಿಷಯ ಯಾರ ತಲೆಗೂ ಹೊಳೆದಿರಲಿಲ್ಲ, ಇವರಿಗೂ, ಕಿಯಾನನಿಗೂ. ಕಿತ್ತಳೆ ಕಳಿಸಿದರೆ ಕೊಟ್ಟ ಮಾತು ಮುರಿದಂತೆ. ಕಳಿಸದೇ ಇದ್ದರೂ ಕೋಚ್ ಮೂರ್ಖರಲ್ಲ, ಅರ್ಥ ಮಾಡಿಕೊಳ್ಳುತ್ತಾರೆ. ಒಂದು ಗಂಟೆ ಗೋಡೆ ನೋಡುತ್ತಾ ಕೂತವರು ಎದ್ದು, ತುಂಡು ಬಟ್ಟೆಗಳ ಡಬ್ಬದಿಂದ ಹಿಂದಿನ ಕ್ರಿಸ್ಮಸ್‌ಗೆ ಕಿಯಾನನಿಗೆ ಹೊಲಿದ ಕೋಟಿನ ಹಸಿರು ತುಂಡು ತೆಗೆದು ಅಂಚು ಮಡಚಿ ಹೊಲಿಯತೊಡಗಿದರು. ಸೂಜಿ ಬೆರಳಿಗೆ ಚುಚ್ಚಿತು. ಅವರು ಹಾಗೆ ಚುಚ್ಚಿಕೊಂಡದ್ದನ್ನು ನಾನು ಕಂಡದ್ದು ಅದೇ ಮೊದಲು.

"ಇದು ಸುಳ್ಳು ರೀ."

"ನನ್ನ ಬಾಯಿಂದ ಏನೂ ಬಂದಿಲ್ಲ."

"ಕೈಯಿಂದ ಬಂತಲ್ಲ!"

"ಎರಡು ದಿನ ಮುದುಕ ನೆಮ್ಮದಿಯಾಗಿರ್ಲಿ ಬಿಡು ವರ್ಡಿ."

ಇಷ್ಟು ಬಯ್ದವಳು ನಾನೇ ಅದನ್ನು ಕೊಟ್ಟು ಬಂದೆ, ಜೊತೆಗೊಂದು ಕೇಕು ಬೇರೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಕೋಚ್ ಪೊಟ್ಟಣ ಬಿಚ್ಚಿ ಕರ್ಚೀಫನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಉಳ್ಕೊಂಡ ಕಣೇ ವರ್ಡೆಲ್. ನಮ್ಮ ಹುಡುಗ ಉಳ್ಕೊಂಡ!" ಎಂದು ಅದೇ ಕರ್ಚೀಫಿನಲ್ಲಿ ಕಣ್ಣು ಒರೆಸಿಕೊಂಡರು.

"ನಂಗೇನೂ ಗೊತ್ತಿಲ್ಲ ಕೋಚ್" ಎಂದೆ.

"ಗೊತ್ತಿಲ್ಲ ಅಂತ್ಲೇ ಹೇಳ್ಬೇಕು ನೀನು, ಗೊತ್ತು ಗೊತ್ತು" ಎಂದು ಕಣ್ಣು ಮಿಟುಕಿಸಿದರು.

ಅದನ್ನು ಅವರು ಶನಿವಾರದವರೆಗೆ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಾರೆ ಎಂದುಕೊಂಡಿದ್ದೆವು. ಶುಕ್ರವಾರ ಬೆಳಿಗ್ಗೆ ಅವರು ಕ್ಲಿಯೋಫಸನ ಕ್ಷೌರದಂಗಡಿಗೆ ಗಡ್ಡ ಹೆರೆಸಲು ಹೋಗುವ ದಿನ ಎನ್ನುವುದು ಮರೆತೇ ಹೋಗಿತ್ತು. ಬಾಯಲ್ಲಿ ಒಂದಕ್ಷರ ಆಡಲಿಲ್ಲವಂತೆ. ಎದೆ ಜೇಬಿನಲ್ಲಿ ಹೊಸ ಹಸಿರು ಕರ್ಚೀಫು ಸಿಕ್ಕಿಸಿಕೊಂಡು, ನಗುತ್ತಾ ಕುರ್ಚಿಯಲ್ಲಿ ಕೂತರಂತೆ, ಅಷ್ಟೇ. ಯಾರೋ ಫೋಟೋ ತೆಗೆದರು.

ಹನ್ನೊಂದು ಗಂಟೆಗೆ ಬೀದಿಯಲ್ಲಿ ಕಾರುಗಳ ಹಾರನ್ನು ಶುರುವಾಯಿತು. ಏನು ಗಲಾಟೆ ಎಂದು ಹೊರಗೆ ಬಂದರೆ ಜನ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದಾರೆ. ಟೀವಿಯವನು "ಬಲ್ಲ ಮೂಲಗಳ ಪ್ರಕಾರ" ಎಂದು ಶುರು ಹಚ್ಚಿದ. ಚರ್ಚಿನ ಮುಂದಿನ ಹಲಗೆಯಲ್ಲಿ "ದೇವರಿಗೆ ಸ್ತೋತ್ರ, ಕಿಯಾನ್ ಉಳಿದ" ಎಂದು ಬರೆದೇಬಿಟ್ಟರು. ಎದುರಿನ ಬೇಕರಿಯವಳು ಅಂಗಡಿಗೆ ನುಗ್ಗಿ, "ಮಿಸ್ಟರ್ ಪೆಟ್‌ವೇ, ನಿಮ್ಮ ಬಾಯಿ ಗಟ್ಟಿ, ಆದ್ರೆ ಕರ್ಚೀಫಿನ ಬಾಯಿ ಗಟ್ಟಿ ಇಲ್ಲ ನೋಡಿ!" ಎಂದು ಇವರ ಕೆನ್ನೆಗೆ ಮುತ್ತಿಟ್ಟು ಹೋದಳು. ಇವರು ಎದ್ದು ಅಂಗಡಿಯ ಬಾಗಿಲು ಹಾಕಿ ಚಿಲಕ ಜಡಿದರು.

ಸಂಜೆಯ ಹೊತ್ತಿಗೆ ಕಿಯಾನ್ ಫೋನು ಮಾಡಿದ. ಅವನ ದನಿ ನನಗೂ ಕೇಳಿಸುತ್ತಿತ್ತು.

"ಮಿಸ್ಟರ್ ಹೋಸಿಯಾ, ಏನ್ ಮಾಡ್ಬಿಟ್ರಿ?"

"ನಿನ್ನ ಗುಟ್ಟು ನಾನು ಹೇಳಿಲ್ಲ ಕಣಪ್ಪಾ."

"ಹೇಳಿದ್ರೇ ವಾಸಿ ಇತ್ತು! ಊರೆಲ್ಲ ಕುಣೀತಿದೆ. ನಾಳೆ ನಾನು ಕೋಟು ಬಿಚ್ಚಿದ್ರೆ ಏನಾಗ್ಬೇಡ? ನಮ್ಮಮ್ಮ ಅಳ್ತಾ ಕೂತಿದಾಳೆ. ಕೋಟು ಕಳಿಸ್ಬಿಡಿ, ಸಾಕು."

"ಕೊನೇ ಫಿಟ್ಟಿಂಗ್ ಬಾಕಿ ಇದೆ."

"ನಿಮ್ಮಂಗಡಿ ಮುಂದೆ ಕ್ಯಾಮೆರಾಗಳು ನಿಂತಿವೆ. ಎಲ್ಲಿಗೆ ಬರ್ಲಿ ನಾನು?"

ಇವರು ನನ್ನ ಮುಖ ನೋಡಿದರು. "ಕೋಚ್ ಮನೆಗೆ ಬಾ. ನಾಳೆ ಮಧ್ಯಾಹ್ನ ಎರಡಕ್ಕೆ. ಕೋಟು ಅಲ್ಲೇ ಇರುತ್ತೆ."

ಅವನು ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅನ್ನಲಿಲ್ಲ. ಫೋನು ಕಟ್ಟಾಯಿತು.

ಶನಿವಾರ ಕೋಟಿನ ಕಪ್ಪು ಚೀಲ ಹಿಡಿದು ಹೊರಟೆವು. ಬೀದಿಯುದ್ದಕ್ಕೂ ಹಸಿರು ರಿಬ್ಬನ್ನು. ನಮ್ಮ ಕಾರು ಕಂಡವರೆಲ್ಲ ಅದರ ತಲೆ ಮೇಲೆ ತಟ್ಟಿ ಕೇಕೆ ಹಾಕುವವರೇ. ಒಂದೊಂದು ತಟ್ಟಿಗೂ ಇವರು ಬೆಚ್ಚಿ ಬೀಳುತ್ತಿದ್ದರು. ಕೋಚ್ ಎದೆ ಒಡೆದುಹೋದರೆ ಏನು ಗತಿ ಎಂದು ನಾನು ಆ ಚೀಲವನ್ನು ಮಡಿಲಲ್ಲಿ ಅವುಚಿಕೊಂಡಿದ್ದೆ.

ಕೋಚ್ ಆಗಲೇ ಶರಟು ಹಾಕಿಕೊಂಡು, ಬೂಟಿಗೆ ಪಾಲಿಶ್ ಹಾಕಿಸಿ, ಹಸಿರು ಕರ್ಚೀಫು ಸಿಕ್ಕಿಸಿಕೊಂಡು ಸಿದ್ಧರಾಗಿದ್ದರು. ಇವರು ಕೂರಲಿಲ್ಲ. ಜೇಬಿನಿಂದ ಕಿತ್ತಳೆ ಕರ್ಚೀಫು ತೆಗೆದು ಮೇಜಿನ ಮೇಲೆ ಇಟ್ಟರು.

"ಕೋಚ್, ಗುರುವಾರ ಕೊಟ್ಟಿದ್ದು ಸುಳ್ಳು. ಇದು ನಿಜ."

ಮೂವತ್ತೆಂಟು ವರ್ಷದಲ್ಲಿ ಗಿರಾಕಿಯ ಗುಟ್ಟನ್ನು ಇವರು ಬಾಯಿಬಿಟ್ಟು ಹೇಳಿದ್ದು ಅದೊಂದೇ ಸಲ.

ಕೋಚ್ ಹಸಿರು ಕರ್ಚೀಫು ತೆಗೆದು ಹೆಬ್ಬೆರಳಲ್ಲಿ ಉಜ್ಜಿ ನೋಡಿದರು. "ಹೋದ ಕ್ರಿಸ್ಮಸ್ ಬಟ್ಟೆ ಅಲ್ವಾ ಇದು? ನನಗೆ ಗುರ್ತು ಸಿಗ್ಬೇಕಾಗಿತ್ತು. ಆಸೆ ಕಣಯ್ಯಾ. ಕಣ್ಣು ಕಟ್ಟಿಬಿಡ್ತು." ಆಮೇಲೆ ಕೇಳಿದರು, "ಅವನೆಲ್ಲಿ?"

"ಎರಡಕ್ಕೆ ಬಾ ಅಂದಿದೀನಿ."

ಎರಡಾಯಿತು. ಎರಡೂವರೆಯಾಯಿತು. ಬರುವುದಿಲ್ಲ ಇವನು, ಮುಖ ತೋರಿಸುವ ಧೈರ್ಯವಿಲ್ಲ ಇವನಿಗೆ ಎಂದು ನಾನು ಒಳಗೊಳಗೇ ಶಪಿಸುತ್ತಿದ್ದೆ. ಮೂರು ಹೊಡೆದು ಹತ್ತು ನಿಮಿಷಕ್ಕೆ ಹಿತ್ತಲ ಬಾಗಿಲು ತೆರೆಯಿತು. ಬಾಗಿಲಿಗೆ ತಲೆ ತಾಗದ ಹಾಗೆ ಬಗ್ಗಿ ಒಳಗೆ ಬಂದ. ಮೇಜಿನ ಮೇಲಿನ ಕಿತ್ತಳೆ ಕರ್ಚೀಫು ನೋಡಿದ. ನಿಂತಲ್ಲೇ ನಿಂತ.

"ತೀರ್ಮಾನ ಮಾಡಿ ಎಷ್ಟು ದಿನ ಆಯ್ತು?" ಎಂದರು ಕೋಚ್.

"ಒಂಬತ್ತು ದಿನ."

"ಒಂಬತ್ತು ದಿನದಲ್ಲಿ ಈ ಮನೆ ದಾರಿ ಸಿಗ್ಲಿಲ್ವಾ?"

"ಕ್ಯಾಮೆರಾ ಮುಂದೆ ಹೇಳ್ಬಲ್ಲೆ ಕೋಚ್. ಇಡೀ ದೇಶಕ್ಕೆ ಹೇಳ್ಬಲ್ಲೆ. ನಿಮಗೆ ಹೇಳೋಕೆ ನಾಲಿಗೆ ಏಳ್ಲಿಲ್ಲ. ನಾಲ್ಕು ಸಲ ನಿಮ್ಮ ಬೀದಿ ತಿರುವಿನ ತನಕ ಬಂದು ವಾಪಸ್ ಹೋದೆ."

"ಹೋಗೋದಕ್ಕೆ ನಾನೇನೂ ಅನ್ನಲ್ಲ. ಎಂಟು ವರ್ಷ ಬೆನ್ನು ಮುರಿಯೋ ಹಾಗೆ ಆಡಿದೀಯ ಈ ಊರಿಗೆ. ಆದ್ರೆ ಆ ಮಕ್ಕಳನ್ನ ಸುತ್ತ ಕೂರಿಸ್ಕೊಂಡು ಕೋಟು ಬಿಚ್ತೀಯಲ್ಲೋ, ಅವು ಅಳೋ ಮುಖ ಟೀವಿಲಿ ಎಷ್ಟು ದೊಡ್ಡದಾಗಿ ತೋರಿಸ್ತಾರೆ ಗೊತ್ತಾ ನಿಂಗೆ?"

"ಈಗ ನಿಲ್ಸೋಕಾಗಲ್ಲ ಕೋಚ್. ಎಲ್ಲ ಸಹಿ ಆಗಿದೆ. ಮಕ್ಕಳು ಆಗ್ಲೇ ಬಂದು ಕೂತಿದಾವೆ."

ಕೋಚ್ ಹಸಿರು ಕರ್ಚೀಫು ಮಡಚಿ ಪ್ಯಾಂಟಿನ ಜೇಬಿಗೆ ಹಾಕಿಕೊಂಡರು. "ಸರಿ. ನೆಟ್ಟಗೆ ನಿಂತ್ಕೋ. ಪೆಟ್‌ವೇ, ನಿನ್ನ ಫಿಟ್ಟಿಂಗ್ ಮುಗಿಸು."

ಇವರು ಕೋಟು ತೊಡಿಸಿದರು. ಬೆನ್ನಿನ ಮೇಲೆ ಕೈ ಆಡಿಸಿ, ತೋಳು ಎಳೆದು, ಭುಜದ ಸುಕ್ಕು ನೇವರಿಸಿದರು. ಕಿಯಾನ್ ಗೋಡೆ ನೋಡುತ್ತಿದ್ದ. "ತೋಳಿನುದ್ದ ಸರಿ ಇದೆಯೇನಪ್ಪಾ?" ಎಂದು ಕೇಳಿದರು.

"ಸರಿ ಇದೆ ಸರ್."

ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅವನು ಇವರನ್ನು ಸರ್ ಎಂದು ಕರೆದಿರಲಿಲ್ಲ. ಇವರು ಕೈ ಹಿಂದಕ್ಕೆ ತೆಗೆದುಕೊಂಡರು.

ಐದೂವರೆಗೆ ಶಾಲೆಯ ಆಟದ ಹಾಲ್ ತುಂಬಿ ತುಳುಕುತ್ತಿತ್ತು. ಎಲ್ಲಿ ನೋಡಿದರೂ ಹಸಿರು. ಸೆಕೆ, ಟೀವಿ ದೀಪಗಳ ಝಳ, ಮಕ್ಕಳ ಕಿರಿಚಾಟ. ನಾವಿಬ್ಬರೂ ಬಾಗಿಲ ಪಕ್ಕ ಕೈ ಕೈ ಹಿಡಿದು ನಿಂತಿದ್ದೆವು. ಯಾರಾದರೂ ಬಾಟಲಿ ಎಸೆದರೆ? ಕುರ್ಚಿ ಎತ್ತಿದರೆ? ಇದೆಲ್ಲ ನಾವು ಹೊಲಿದು ಕಳಿಸಿದ ಸುಳ್ಳಿನಿಂದ ತಾನೇ?

ಆರಕ್ಕೆ ಇಪ್ಪತ್ತು ನಿಮಿಷವಿರುವಾಗ ಕೋಚ್ ಬಂದರು. ಅವರ ಕುರ್ಚಿ ಪಕ್ಕದ ಬಾಗಿಲಿಗೆ ಹತ್ತಿರವಿತ್ತು. ಅವರು ಆ ಬಾಗಿಲಿಂದ ಬರಲಿಲ್ಲ. ದೊಡ್ಡ ಬಾಗಿಲಿಂದ ಬಂದರು, ಎಲ್ಲರೂ ನೋಡುವ ಹಾಗೆ. "ಕೋಚ್! ಕೋಚ್!" ಎಂದು ಜನ ಎದ್ದು ನಿಂತು ಕೂಗಿದರು. ಎದೆ ಜೇಬಿನಲ್ಲಿ ಕಿತ್ತಳೆ ಕರ್ಚೀಫು ಇತ್ತು.

ಬಾಗಿಲ ಹತ್ತಿರದವರು ಮೊದಲು ನೋಡಿದರು. ಅವರ ಬಾಯಿ ಕಟ್ಟಿತು. ಕೋಚ್ ಕೂರಲಿಲ್ಲ. ವಾಕರ್ ಊರಿ ಊರಿ, ಆಟದ ಅಂಗಳದ ಅಂಚು ಹಿಡಿದು ಇಡೀ ಹಾಲ್ ಸುತ್ತಲು ಹೊರಟರು. ಹಾದುಹೋದ ಕಡೆಯೆಲ್ಲ ಕೂಗು ನಿಂತು ಹೋಗುತ್ತಿತ್ತು. ಕೊನೆಗೆ ವಾಕರಿನ ಸದ್ದೊಂದೇ ಉಳಿಯಿತು.

"ಕೋಚ್, ಕರ್ಚೀಫು ಬದಲಾಗಿದೆ!" ಎಂದಳು ಒಬ್ಬ ಹುಡುಗಿ.

"ಬದಲಾಗಿದೆ ಮಗಳೇ. ನೋಡ್ಕೋ ಚೆನ್ನಾಗಿ."

ಅವಳು ಅತ್ತಳು. ಅವಳ ಅಳು ನಿಲ್ಲುವವರೆಗೂ ಅಲ್ಲೇ ನಿಂತರು. ಮೇಲಿನ ಸಾಲಿನಿಂದ ಒಬ್ಬ "ಮೋಸಗಾರ! ಊರಿಗೇ ಮೋಸ ಮಾಡ್ದ!" ಎಂದು ಅರಚಿದ. ಕೋಚ್ ತಲೆಯೆತ್ತಿ, "ನಂಗೆ ಹೇಳು ಅದನ್ನ, ನಾನಿಲ್ಲೇ ಇದೀನಿ. ಆರು ಗಂಟೆಯೊಳಗೆ ಎಲ್ಲ ಹೇಳಿ ಮುಗಿಸ್ಬಿಡು" ಎಂದರು. ಟೀವಿಯವನು ಓಡಿ ಬಂದು, "ಸರ್, ದಯವಿಟ್ಟು ಕೂತ್ಕೊಳ್ಳಿ, ಕಾರ್ಯಕ್ರಮ ಹಾಳಾಗುತ್ತೆ" ಎಂದ. ಕೈ ಮುಗಿಯುವುದೊಂದು ಬಾಕಿ. "ಮುದುಕ ಕಣಪ್ಪಾ, ನಿಧಾನ" ಎಂದು ಅವರು ಇನ್ನೂ ನಿಧಾನ ಮಾಡಿದರು. ಬಯ್ಯುವವರು ಬಯ್ದರು. ಎದ್ದು ಹೋಗುವವರು ಹೋದರು. ಅಳುವ ಮಕ್ಕಳು ಅತ್ತು ಮೂಗು ಒರೆಸಿಕೊಂಡವು. ಕ್ಯಾಮೆರಾ ಶುರುವಾಗುವ ಹೊತ್ತಿಗೆ ಕೋಚ್ ಬೆವರಿ ನೀರಾಗಿ ತಮ್ಮ ಕುರ್ಚಿ ತಲುಪಿದರು.

ಆರಕ್ಕೆ ಕಿಯಾನ್ ಬಂದ. ಜನರ ಕೂಗಿಲ್ಲ, ಕಿರಿಚಾಟವಿಲ್ಲ. ಗಾಬರಿಯಿಂದ ಸುತ್ತ ನೋಡಿದವನ ಕಣ್ಣು ಕೋಚ್ ಜೇಬಿನ ಮೇಲೆ ನಿಂತಿತು. ಕೋಟು ಅಗಲಿಸಿದ. ಯಾರೂ ಹೌಹಾರಲಿಲ್ಲ, ಯಾವ ಮಗುವೂ ಅಳಲಿಲ್ಲ. ಕೋಚ್ ವಾಕರ್ ಬಿಟ್ಟು ಎದ್ದು ನಿಂತರು, ಬಿದ್ದೇಬಿಡುತ್ತಾರೆ ಎಂದುಕೊಂಡೆ. ಚಪ್ಪಾಳೆ ತಟ್ಟಿದರು. ಮಕ್ಕಳೂ ತಟ್ಟಿದವು. ಮೈಕು ಕೈಗೆ ಕೊಟ್ಟರೆ ಕಿಯಾನ್, ಬರೆದು ಕೊಟ್ಟ ಕಾಗದ ಮಡಚಿಟ್ಟು, "ಕೋಚ್, ಮೊದಲು ನಿಮ್ಮನೆಗೆ ಬರ್ಬೇಕಾಗಿತ್ತು" ಎಂದು ಮೈಕು ವಾಪಸ್ ಕೊಟ್ಟುಬಿಟ್ಟ.

ಹೊರಗೆ ಹೋಗುವಾಗ ಕೋಚ್ ನಮ್ಮ ಮುಂದೆ ನಿಂತರು. ಪ್ಯಾಂಟಿನ ಜೇಬಿನಿಂದ ಹಸಿರು ಕರ್ಚೀಫು ತೆಗೆದು ಇವರ ಅಂಗೈಯಲ್ಲಿಟ್ಟು ಬೆರಳು ಮಡಚಿದರು. "ಇದು ನಿನ್ನ ಹತ್ರ ಇರ್ಲಿ ಪೆಟ್‌ವೇ. ಉಳಿದ ಕರ್ಚೀಫುಗಳ ಜೊತೆ ಇಡೋಕೆ ನಂಗೆ ಮನಸ್ಸು ಬರಲ್ಲ" ಎಂದರು. ಕೋಪವಿರಲಿಲ್ಲ ದನಿಯಲ್ಲಿ. ಇದ್ದಿದ್ದರೆ ಇವರಿಗೆ ಹಗುರಾಗುತ್ತಿತ್ತೇನೋ.

ಅದನ್ನು ಇವರು ಬಟ್ಟೆ ಕತ್ತರಿಸುವ ಮೇಜಿನ ಮೇಲುಗಡೆ ಗೋಡೆಗೆ ಗುಂಡುಸೂಜಿ ಚುಚ್ಚಿ ಸಿಕ್ಕಿಸಿದ್ದಾರೆ. ವಾರಕ್ಕೊಮ್ಮೆ ನಾನು ಧೂಳು ಕೊಡವುತ್ತೇನೆ. ಯಾರಾದರೂ ಕೇಳಿದರೆ ಇವರು ಹೇಳುವುದಿಲ್ಲ, ನಾನೂ ಈಚೆಗೆ ಹೇಳುವುದು ಬಿಟ್ಟಿದ್ದೇನೆ.

ಕಿಯಾನ್ ಆಮೇಲೆ ನಮ್ಮಲ್ಲಿ ಕೋಟು ಹೊಲಿಸಿಲ್ಲ, ಎರಡು ವರ್ಷವಾಯಿತು. ಅಲ್ಲಿ ದೊಡ್ಡ ದೊಡ್ಡ ಟೈಲರುಗಳಿದ್ದಾರಂತೆ. ಮೊನ್ನೆ ಟೀವಿಯಲ್ಲಿ ಹೊಸ ಕೋಟು ಹಾಕಿಕೊಂಡು ಬಂದಿದ್ದ. ಇವರು ಚಮಚ ಕೆಳಗಿಟ್ಟು ಟೀವಿಯ ಹತ್ತಿರ ಹೋದರು.

"ಎಡಗಡೆ ಇಳಿಬಿದ್ದಿದೆ. ಅವನ ಎಡ ಭುಜ ಅರ್ಧ ಇಂಚು ತಗ್ಗು. ಅವರಿಗೆ ಗೊತ್ತಿಲ್ಲ."

"ಫೋನು ಮಾಡಿ ಹೇಳ್ರೀ ಹಾಗಾದ್ರೆ."

"ಅದನ್ನ ಕನ್ನಡಿ ಮುಂದೆ ನಿಲ್ಲಿಸ್ಕೊಂಡು ಹೇಳ್ಬೇಕು ವರ್ಡಿ. ಅವನು ಬರ್ಲಿ" ಎಂದು ಪರದೆಯ ಮೇಲೆ, ಅವನ ಎಡ ಭುಜದ ಸುಕ್ಕಿನ ಮೇಲೆ ಬೆರಳಿಟ್ಟರು.